ಒಂಬತ್ತು ಬಟನ್ನಿನ ಬೀಳ್ಕೊಡುಗೆ

ನಮ್ಮ ಭಾವನಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ ಎಂಬ ಸುದ್ದಿಯನ್ನು ಹಬ್ಬಿಸಿದವರು ಸ್ವತಃ ನಮ್ಮ ಭಾವ. ಈ ಕೆಲಸಕ್ಕೆ ಅವರು ಬೇರೆ ಯಾರ ಸಹಾಯವನ್ನೂ ಕೇಳಲಿಲ್ಲ. ನಮ್ಮದು ನೀರು ಸರಬರಾಜು ಕಚೇರಿ. ಅಲ್ಲಿ ನೀರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಲೀಸಾಗಿ ಹರಿಯುತ್ತದೆ. ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಹಾಳೆಯೊಂದನ್ನು ಭಾವ ಹರಿಯದಂತೆ ಎಳೆದು ತೆಗೆದ ದಿನ ಸುದ್ದಿಗೆ ಪುರಾವೆಯೂ ಸಿಕ್ಕಿತು. ಅಂದಿನಿಂದ ಕಚೇರಿಯವರು ಅವರನ್ನು ‘ಪಿಕ್ಸೆಲಪ್ಪ’ ಎಂದು ಕರೆಯತೊಡಗಿದರು. ಭಾವ ಅದನ್ನು ಬಿರುದೆಂದು ಸ್ವೀಕರಿಸಿದರು.

ನಾನು ಅದೇ ಕಚೇರಿಯ ರವಾನೆ ಗುಮಾಸ್ತ. ಸಹಿಯಾದ ಆದೇಶಕ್ಕೆ ನಂಬರ್ ಹಾಕಿ, ಪಕ್ಕದಲ್ಲಿ ಗಂಟೆ ನಿಮಿಷ ಬರೆದು, ಮುದ್ರೆ ಒತ್ತಿ ಕಳಿಸುವುದು ನನ್ನ ಕೆಲಸ. ವಾಸ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ. ಹೀಗಾಗಿ ಭಾವನ ಸಾಹಸಗಳಿಗೆ ಕಚೇರಿಯಲ್ಲೂ ಮನೆಯಲ್ಲೂ ನಾನೇ ಸಾಕ್ಷಿ. ಎರಡೂ ಕಡೆ ಭತ್ಯೆ ಇಲ್ಲ.

ಭಾವನ ತಲೆಯ ಮೇಲೆ ಆಗ ಒಂದು ವರ್ಗಾವಣೆ ತೂಗುತ್ತಿತ್ತು. ಏಳನೇ ನಂಬರಿನ ಪಂಪ್‌ಹೌಸಿಗೆ. ಅದು ಎಲ್ಲಿದೆ ಎಂದರೆ, ಬಸ್ಸು ಅಲ್ಲಿಗೆ ಬೆಳಿಗ್ಗೆ ಹೋಗುತ್ತದೆ, ಮಾರನೆಯ ಬೆಳಿಗ್ಗೆ ವಾಪಸು ಬರುತ್ತದೆ. ನಡುವೆ ಏನು ಮಾಡುತ್ತದೆಂದು ಯಾರಿಗೂ ತಿಳಿಯದು. ಗಂಟೆಗೊಮ್ಮೆ ತೊಟ್ಟಿಯ ನೀರಿನ ಮಟ್ಟ ನೋಡಿ ಬರೆಯುವುದೇ ಅಲ್ಲಿನ ಗುಮಾಸ್ತನ ಉದ್ಯೋಗ. ಹಿಂದೆ ಅಲ್ಲಿದ್ದವರು ಮೂರನೇ ವರ್ಷಕ್ಕೆ ಪಂಪುಗಳನ್ನು ‘ತಾವು’ ಎಂದು ಬಹುವಚನದಲ್ಲಿ ಮಾತಾಡಿಸಲು ಶುರುಮಾಡಿದ್ದರಂತೆ.

ಆದರೆ ವರ್ಗಾವಣೆಯ ಕರಡು ಹದಿನಾಲ್ಕು ತಿಂಗಳಿಂದ ಸಾಹೇಬರ ಮೇಜಿನ ಮೇಲೆ ಸಹಿಯಿಲ್ಲದೆ ಮಲಗಿತ್ತು. ನಮ್ಮ ಸಾಹೇಬರು ಸಹಿ ಹಾಕುವ ಪೈಕಿ ಅಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಪೆನ್ನನ್ನು ಕಡತದತ್ತ ಇಳಿಸುತ್ತಿದ್ದರು. ಆಮೇಲೆ ಏನೋ ನೆನಪಾದವರಂತೆ ಅದನ್ನು ಮುಚ್ಚಿಟ್ಟು, ಪೆನ್ಸಿಲ್ ಎತ್ತಿಕೊಂಡು ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆಯುತ್ತಿದ್ದರು. ಯಾರೊಡನೆ, ಯಾವಾಗ ಎಂಬುದನ್ನು ಬರೆಯುತ್ತಿರಲಿಲ್ಲ. ಅದನ್ನೂ ಚರ್ಚಿಸಿಯೇ ತಿಳಿಯಬೇಕಿತ್ತು. ‘ನನ್ನನ್ನು ವರ್ಗ ಮಾಡುವ ಪ್ರಸ್ತಾವವನ್ನು ಕೈಬಿಡಿ’ ಎಂದು ಭಾವ ಕೊಟ್ಟಿದ್ದ ಮನವಿಯ ಮೇಲೂ ಅದೇ ಪೆನ್ಸಿಲ್ಲು, ಅದೇ ಮಾತು.

“ಸಹಿ ಆಗಿಲ್ಲ ತಾನೆ?” ಎಂದು ಅಕ್ಕ ಕೇಳಿದಳು. ಅವಳು ಶಾಲೆಯಲ್ಲಿ ಗಣಿತ ಹೇಳುವವಳು. ಉತ್ತರ ಮೊದಲೇ ಗೊತ್ತಿರುತ್ತದೆ. “ಈ ತಿಂಗಳ ಕೊನೇಗೆ ಸಾಹೇಬ್ರು ರಿಟೈರ್ ಆಗ್ತಾರೆ. ಆ ಕರಡು ಅಲ್ಲೇ ಧೂಳು ಹಿಡಿಯತ್ತೆ. ನೀವು ಹದಿನೈದು ದಿನ ಸುಮ್ನೆ ಕೂತ್ಕೊಂಡ್ರೆ ಸಾಕು.”

“ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳೆ” ಎಂದರು ಭಾವ. “ಕೈಬಿಡಲಾಗಿದೆ ಅಂತ ಒಂದು ಸಹಿ ಬಿದ್ರೆ ನನಗೆ ನಿದ್ದೆ ಬರತ್ತೆ.”

“ನೀವು ಅಲ್ಲಿಗೆ ಹೋದ್ರೆ ನಾನಂತೂ ಬರಲ್ಲ. ಈಗ್ಲೇ ಹೇಳಿದೀನಿ. ನನ್ನ ಕೆಲಸ ಇಲ್ಲಿದೆ.”

“ಅದಕ್ಕೇ ಕಣೆ ಸಹಿ ಬೇಕು ಅಂತಿರೋದು.”

ಬೀಳ್ಕೊಡುಗೆಯ ಪೂರ್ವಭಾವಿ ಸಭೆಯಲ್ಲಿ ಹೆಡ್ ಕ್ಲರ್ಕು ಗೋಡೆ ಗಡಿಯಾರ ಕೊಡೋಣವೆಂದರು. ಭಾವ ಎದ್ದು ನಿಂತರು. ಎದ್ದು ನಿಂತ ಭಾವನನ್ನು ಕೂರಿಸುವ ಶಕ್ತಿ ನಮ್ಮ ಕಚೇರಿಗೆ ಇರಲಿಲ್ಲ.

“ಗಡಿಯಾರ ಯಾರ್ ಬೇಕಾದ್ರೂ ಕೊಡ್ತಾರೆ ಸ್ವಾಮಿ. ಸಾಹೇಬ್ರ ಮೇಲೆ ಒಂದು ವಿಡಿಯೋ ಡಿಸ್ಕ್ ಮಾಡ್ತೀನಿ. ಹೈ ಡೆಫಿನಿಷನ್. ನಮ್ಮನೆ ಕಂಪ್ಯೂಟರಿನಲ್ಲೇ. ಡಿಸ್ಕ್ ಹಾಕಿದ ತಕ್ಷಣ ಮೆನು ಬರತ್ತೆ. ಅಂಗಡಿ ಮೆನು ಅಲ್ಲ, ನಮ್ಮ ಸ್ವಂತ ಮೆನು. ಹಿಂದೆ ಸಾಹೇಬ್ರ ಚಿತ್ರ ಓಡ್ತಿರತ್ತೆ, ಮುಂದೆ ಬಟನ್‌ಗಳು. ಲಿಫ್ಟ್ ಇದ್ದ ಹಾಗೆ. ಯಾರ ಹೆಸರಿನ ಬಟನ್ ಒತ್ತುತೀರೋ ಅವರು ಬಂದು ಸಾಹೇಬ್ರನ್ನ ಹೊಗಳ್ತಾರೆ.”

“ನಮ್ಮ ಲಿಫ್ಟ್ ಕೆಟ್ಟು ಆರು ವರ್ಷ ಆಯ್ತು” ಎಂದರು ಹೆಡ್ ಕ್ಲರ್ಕು, ಉಪಮೆಯನ್ನು ಕಡತಕ್ಕೆ ಸೇರಿಸಿಕೊಳ್ಳುವವರಂತೆ.

ತಮ್ಮ ಹೆಸರಿನ ಬಟನ್ ಎಂಬ ಮಾತು ಕೇಳಿದೊಡನೆ ಸಭೆ ಗಡಿಯಾರವನ್ನು ಮರೆತಿತು.

ಭಾವ ಕ್ಯಾಮೆರಾ ಹಿಡಿದು ಸಾಹೇಬರ ಕೋಣೆಗೆ ಹೋದಾಗ ನಾನು ದೀಪ ಹಿಡಿದಿದ್ದೆ. “ಏನೋ ಸಿನಿಮಾ ಅಂತೆ... ನೋಡೋಣ... ಆಗ್ಲಿ” ಎಂದರು ಸಾಹೇಬರು. “ಆಗ್ಲಿ ಅಂದ್ರೆ ಆಗ್ಲಿ ಅಂತಲ್ಲ... ನೋಡೋಣ.” ಅವರ ಮಾತಿನಲ್ಲಿ ಪೂರ್ಣವಿರಾಮಕ್ಕೂ ಒಂದು ‘ಚರ್ಚಿಸಿ’ ಇರುತ್ತಿತ್ತು. ಭಾವ ಅವರನ್ನು ಮೇಜಿನ ಮುಂದೆ ಕೂರಿಸಿ, ಕೈಗೆ ಸಿಕ್ಕಿದ ಕಡತವೊಂದನ್ನು ಎದುರಿಗಿಟ್ಟು, ಸಹಿ ಹಾಕುವ ಭಂಗಿ ಬೇಕೆಂದರು. ಸಾಹೇಬರು ಮುಚ್ಚಳ ತೆಗೆದರು, ಪೆನ್ನು ಇಳಿಸಿದರು, ಕಾಗದಕ್ಕೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಿದರು, ತಲೆಯೆತ್ತಿ ಕ್ಯಾಮೆರಾ ನೋಡಿ ಮುಗುಳ್ನಕ್ಕರು.

“ಬಂತಾ?”

“ದೇವರಂಗೆ ಬಂತು ಸಾರ್” ಎಂದರು ಭಾವ. ಇಪ್ಪತ್ತು ಸೆಕೆಂಡಿನ ಆ ಚಿತ್ರವೇ ಮೆನುವಿನ ಹಿನ್ನೆಲೆಯಾಯಿತು. ಯಾರಾದರೂ ಬಟನ್ ಒತ್ತುವ ತನಕ ಅದು ತನ್ನಷ್ಟಕ್ಕೆ ಮತ್ತೆ ಮೊದಲಿಂದ ಓಡುತ್ತಿರಬೇಕು. ಮೆನುವಿನ ಕ್ರಮವೇ ಅದು. ಜೊತೆಗೆ ಇಪ್ಪತ್ತು ಸೆಕೆಂಡಿನ ಕೊಳಲು.

ಕಷ್ಟ ಶುರುವಾದದ್ದು ಬಟನ್ನುಗಳಿಂದ. ಭಾವನ ತಂತ್ರಾಂಶದಲ್ಲಿ ಸಿದ್ಧವಾಗಿದ್ದ ಮೆನು ಮಾದರಿಗೆ ಒಂಬತ್ತೇ ಬಟನ್. ನಮ್ಮ ಸಿಬ್ಬಂದಿ ಇಪ್ಪತ್ತಾರು. ಹೆಡ್ ಕ್ಲರ್ಕು ಒಂದು ‘ಮೆನು ಜ್ಯೇಷ್ಠತಾ ಪಟ್ಟಿ’ ಸಿದ್ಧಪಡಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರು. ಆಕ್ಷೇಪಣೆಗೆ ಮೂರು ದಿನ ಕಾಲಾವಕಾಶ. ಆಕ್ಷೇಪಣೆಗಳು ಮೂವತ್ತೊಂದು ಬಂದವು. ನಮ್ಮ ಕಚೇರಿಯ ಚರಿತ್ರೆಯಲ್ಲಿ ಅವಧಿಯೊಳಗೆ ಮುಗಿದ ಮೊದಲ ಕೆಲಸ ಅದು.

“ಹದಿನೆಂಟು ವರ್ಷ ಸಾಹೇಬ್ರನ್ನ ಹೊತ್ತು ತಿರುಗಿದೋನು ನಾನು. ಲೆಕ್ಕದೋರ ಕೆಳಗೆ ಇರ್ಬೇಕಾ?” ಎಂದ ಡ್ರೈವರ್.

“ಹೊತ್ತಿದ್ದು ಜೀಪು. ನೀವು ಸ್ಟೀರಿಂಗ್ ತಿರುಗಿಸಿದ್ರಿ, ಅಷ್ಟೇ” ಎಂದರು ಲೆಕ್ಕದವರು.

ಟೈಪಿಸ್ಟ್ ಮೇಡಂ ಭಾವನ ಮೇಜಿಗೆ ಬಂದು ಮೆಲ್ಲಗೆ ಹೇಳಿದರು: “ಪಿಕ್ಸೆಲಪ್ಪನೋರೇ, ನನಗೆ ಮೇಲೆ ಕೆಳಗೆ ಅಂತ ಭೇದ ಇಲ್ಲ. ಲೆಕ್ಕದೋರ್ ಎಲ್ಲಿರ್ತಾರೋ ಅದರ ಮೇಲೆ ಇದ್ರೆ ಸಾಕು.”

ಇದೇ ಮಾತನ್ನು ಒಂಬತ್ತು ಜನ ಒಂಬತ್ತು ಬಗೆಯಾಗಿ ಹೇಳಿದ ಮೇಲೆ, ಬೀಳ್ಕೊಡುಗೆಯ ದಿನ ಬೆಳಿಗ್ಗೆ ಭಾವನಿಗೆ ದಾರಿ ಹೊಳೆಯಿತು. ಬಟನ್ನುಗಳನ್ನು ಸಾಹೇಬರ ಸುತ್ತ ವೃತ್ತಾಕಾರವಾಗಿ ಇಡುವುದು. ವೃತ್ತಕ್ಕೆ ಮೇಲು ಕೀಳಿಲ್ಲ. ಅಕ್ಕ ಮಾತ್ರ “ಹನ್ನೆರಡು ಗಂಟೆ ಜಾಗ ಯಾರಿಗೆ?” ಎಂದು ಕೇಳಿದಳು. ಗಣಿತದವರ ಜೊತೆ ಬಾಳುವುದು ಸುಲಭವಲ್ಲ.

ಹಳೆಯ ಮಾದರಿ ಕಿತ್ತು ಗುಂಡಗಿನ ಮಾದರಿ ಹಾಕುವಾಗ ಕಂಪ್ಯೂಟರ್ ಒಂದು ಪೆಟ್ಟಿಗೆ ತೆರೆದು ಉದ್ದನೆಯ ಪ್ರಶ್ನೆ ಕೇಳಿತು. ಕಂಪ್ಯೂಟರ್ ಕೇಳುವ ಪ್ರಶ್ನೆಗಳ ವಿಷಯದಲ್ಲಿ ಭಾವನದು ಒಂದೇ ನೀತಿ: ಓದದೆ ‘ಸರಿ’ ಒತ್ತುವುದು. ಒತ್ತಿದರು. ಅದು ಕೇಳಿದ್ದೇನೆಂದರೆ, ‘ಮಾದರಿ ಬದಲಾದರೆ ಬಟನ್ನುಗಳಿಗೆ ನೀವು ಕೊಟ್ಟ ದಾರಿಗಳೆಲ್ಲ ಅಳಿಸಿಹೋಗುತ್ತವೆ, ಎಲ್ಲವೂ ಮುಖ್ಯ ಮೆನುವಿಗೇ ಹೋಗುತ್ತವೆ, ಪರವಾಗಿಲ್ಲವೆ?’ ಎಂದು. ಪರವಾಗಿಲ್ಲ ಎಂದಂತಾಯಿತು.

ಡಿಸ್ಕು ಬರ್ನ್ ಆಗಲು ಮೂರು ಗಂಟೆ. ಅದಕ್ಕೆ ಮುಂಚೆ ಕೆಟ್ಟ ನಾಲ್ಕು ಡಿಸ್ಕುಗಳು ಆಗಲೇ ಅಡುಗೆಮನೆಯಲ್ಲಿ ಹಾಲಿನ ಲೋಟಗಳ ಮೇಲೆ ಹೈ ಡೆಫಿನಿಷನ್ ಮುಚ್ಚಳಗಳಾಗಿದ್ದವು. ಐದನೆಯದು ಒಂದೂವರೆಗೆ ಬೆಚ್ಚಗೆ ಹೊರಬಂತು. ಭಾವ ಅದನ್ನು ಪ್ಲೇಯರಿಗೆ ಹಾಕಿ, ಟೀವಿಯಲ್ಲಿ ಮೆನು ಮೂಡಿದ್ದನ್ನು ನೋಡಿ ಕಣ್ಣೊರಸಿಕೊಂಡರು.

“ಬಟನ್ ಒತ್ತಿ ನೋಡಿದ್ರಾ?” ಎಂದಳು ಅಕ್ಕ.

“ಎಷ್ಟು ಸ್ಪಷ್ಟ ನೋಡು. ಸಾಹೇಬ್ರ ಮೂಗಿನ ಪಕ್ಕದ ಮಚ್ಚೆ ಎಣಿಸ್ಬಹುದು.”

“ಮಚ್ಚೆ ಇರೋದು ಒಂದೇ. ಬಟನ್ ಒತ್ತಿದ್ರಾ ಅಂದೆ.”

“ಈಗ್ಲೇ ಒತ್ತಿ ಯಾಕೆ ಸವೆಸೋದು? ಹೊಸ ಡಿಸ್ಕು.”

ಮೂರು ಗಂಟೆಗೆ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಸಾಹೇಬರು, ಅವರ ಪತ್ನಿ, ಮರುದಿನ ಅಧಿಕಾರ ವಹಿಸಿಕೊಳ್ಳಲಿದ್ದ ಹೊಸ ಸಾಹೇಬರು. ಪ್ಲೇಯರು, ರಿಮೋಟು ಎರಡೂ ಭಾವನ ಕೈಯಲ್ಲಿ. ಅವರ ಜೇಬಿನಲ್ಲಿ ಆ ಮನವಿಯೂ ಇತ್ತು, ಕೆಳಗೆ ‘ಕೈಬಿಡಲಾಗಿದೆ’ ಎಂಬ ಆದೇಶವನ್ನು ಭಾವನೇ ಟೈಪ್ ಮಾಡಿಟ್ಟಿದ್ದರು, ಸಹಿಯೊಂದೇ ಬಾಕಿ. ಚಿತ್ರ ಮುಗಿದು ಸಾಹೇಬರ ಕಣ್ಣು ತೇವವಾದ ಕೂಡಲೇ ಸಹಿಗೆ ಹಿಡಿಯುವುದೆಂದು ಲೆಕ್ಕ. ದೀಪ ಆರಿತು. ಪರದೆಯ ತುಂಬ ಸಾಹೇಬರು.

ಕೊಳಲು ನುಡಿಯಿತು. ಸಾಹೇಬರು ಮುಚ್ಚಳ ತೆಗೆದರು, ಪೆನ್ನು ಇಳಿಸಿದರು, ನಿಲ್ಲಿಸಿದರು, ಮುಗುಳ್ನಕ್ಕರು. ಚಪ್ಪಾಳೆ. ಸಾಹೇಬರು ಮುಚ್ಚಳ ತೆಗೆದರು, ಪೆನ್ನು ಇಳಿಸಿದರು, ನಿಲ್ಲಿಸಿದರು, ಮುಗುಳ್ನಕ್ಕರು.

“ಈಗ ಹೆಡ್ ಕ್ಲರ್ಕ್ ಅವರ ನುಡಿನಮನ” ಎಂದು ಘೋಷಿಸಿ ಭಾವ ಬಟನ್ ಒತ್ತಿದರು. ಪರದೆ ಕಪ್ಪಾಯಿತು. ಹೆಡ್ ಕ್ಲರ್ಕು ಕಾಲರ್ ಸರಿಮಾಡಿಕೊಂಡರು. ಸಾಹೇಬರು ಮುಚ್ಚಳ ತೆಗೆದರು.

“ಅದು ನಾನಲ್ಲ” ಎಂದರು ಹೆಡ್ ಕ್ಲರ್ಕು.

ಭಾವ ಲೆಕ್ಕದವರನ್ನು ಒತ್ತಿದರು, ಸಾಹೇಬರು ಬಂದರು. ಡ್ರೈವರನ್ನು ಒತ್ತಿದರು, ಸಾಹೇಬರು ಬಂದರು. ಒಂಬತ್ತನ್ನೂ ವೃತ್ತಾಕಾರವಾಗಿ ಒತ್ತಿದರು. ಯಾರನ್ನು ಹಿಡಿದರೂ ಕೊನೆಗೆ ಅದೇ ಮೇಜು, ಅದೇ ಪೆನ್ನು, ಅದೇ ನಗು. ಹಾಗೆ ನೋಡಿದರೆ ಈ ಡಿಸ್ಕು ನಮ್ಮ ಕಚೇರಿಗೆ ಅತ್ಯಂತ ನಿಷ್ಠವಾಗಿತ್ತು.

“ಡಿಸ್ಕ್ ಬಿಸಿ ಆಗ್ಬೇಕು, ಒಂದ್ನಿಮಿಷ” ಎಂದರು ಭಾವ.

ಹದಿನೈದನೆಯ ಸುತ್ತಿಗೆ ಡ್ರೈವರ್ ವೀಕ್ಷಕ ವಿವರಣೆ ಶುರುಮಾಡಿದ: “ತೆಗೆದ್ರು ಮುಚ್ಚಳ... ಇಳಿಸ್ತಿದಾರೆ, ಇಳಿಸ್ತಿದಾರೆ... ಈ ಸಲ ಹಾಕೇ ಹಾಕ್ತಾರೆ, ಬರ್ಕೊಳ್ಳಿ... ಅಯ್ಯೋ, ನಕ್‌ಬಿಟ್ರು.” ಸಭೆ ಒಕ್ಕೊರಲಿನಿಂದ ನಿಟ್ಟುಸಿರಿಟ್ಟಿತು. ಮುಂದಿನ ಸಾಲಿನ ಕಂಟ್ರಾಕ್ಟರು, ಕಳೆದ ಐದು ವರ್ಷಗಳ ಅನುಭವದ ಬಲದಿಂದ, “ಹಾಕಲ್ಲ, ನಾನು ಬೇಕಾದ್ರೆ ಬರ್ಕೊಡ್ತೀನಿ” ಎಂದರು.

ಅಷ್ಟರಲ್ಲಿ ಟೈಪಿಸ್ಟ್ ಮೇಡಂ ಎದ್ದು ಪರದೆಯ ಹತ್ತಿರ ಹೋದರು. ಕನ್ನಡಕ ಏರಿಸಿದರು. ಒಂದು ಸುತ್ತು ಪೂರ್ತಿ ನೋಡಿದರು.

“ಇದು ನನ್ನ ಬಡ್ತಿ ಫೈಲು” ಎಂದರು. “ನೀಲಿ ದಾರ, ಎರಡು ಗಂಟು. ನಾನೇ ಹಾಕಿದ ಗಂಟು. ಮೂರು ವರ್ಷದ ಹಿಂದೆ ಕಳೆದುಹೋಯ್ತು ಅಂದ್ರಲ್ಲ ಸಾರ್, ಅದು.”

ಮಾಮೂಲಿ ಡಿಸ್ಕಾಗಿದ್ದರೆ ಅದೊಂದು ಕಡತ ಎಂದಷ್ಟೇ ಕಾಣುತ್ತಿತ್ತು. ಇದು ಹೈ ಡೆಫಿನಿಷನ್. ಸಭೆಯೆಲ್ಲ ಎದ್ದು ಪರದೆಗೆ ಮುತ್ತಿತು. ಪ್ರತಿ ಇಪ್ಪತ್ತು ಸೆಕೆಂಡಿಗೂ ಮೇಜಿನ ಮೂಲೆಯಲ್ಲಿ ಹೊಸ ಹೊಸ ಕಡತಗಳು ಪತ್ತೆಯಾದವು. “ಅಗೋ ನನ್ನ ಬಾಕಿ ಸಂಬಳ.” “ಅಗೋ ನನ್ನ ರಜೆ ಅರ್ಜಿ, ಆ ರಜೆ ಮುಗಿಸಿ ನಾನು ಬಂದೂ ಆಯ್ತು.” ಕಂಟ್ರಾಕ್ಟರು ಪರದೆಯ ಎಡ ತುದಿಯಲ್ಲಿದ್ದ ದಪ್ಪ ಕಟ್ಟೊಂದನ್ನು ಕಳೆದುಹೋದ ಮಗುವನ್ನು ಕಂಡವರಂತೆ ಸವರಿದರು.

ವೇದಿಕೆಯ ಮೇಲೆ ಸಾಹೇಬರ ಪತ್ನಿ ಗಂಡನತ್ತ ಬಾಗಿದರು. ಮುಂದಿದ್ದ ಮೈಕು ಆ ಗುಟ್ಟನ್ನು ಎಲ್ಲರಿಗೂ ಹಂಚಿತು.

“ರೀ, ಒಂದ್ ಸಲ ಹಾಕ್ಬಿಡ್ರೀ. ನೋಡಕ್ಕಾಗ್ತಿಲ್ಲ. ಮಗಳ ಮಾರ್ಕ್ಸ್ ಕಾರ್ಡಿನ ಮೇಲೂ ಚರ್ಚಿಸಿ ಅಂತ ಬರೆದೋರು ನೀವು. ಅವಳಿಗೆ ಮದುವೆ ಆಯ್ತು, ಆ ಕಾರ್ಡ್ ಇನ್ನೂ ನಮ್ಮನೇಲೇ ಇದೆ.”

ಹೊಸ ಸಾಹೇಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ತಿಳಿಯಿತು.

ನಮ್ಮ ಸಾಹೇಬರ ಮುಖ ಕೆಂಪಾಯಿತು. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಅವರು ಮೊದಲ ಬಾರಿಗೆ ಒಂದು ವಾಕ್ಯವನ್ನು ಪೂರ್ತಿ ಮುಗಿಸಿದರು.

“ನನ್ನ ಮೇಜಿನ ಮೇಲಿರೋ ಫೈಲೆಲ್ಲ ಇಲ್ಲಿಗೆ ತನ್ನಿ.”

ಭಾವನಿಗೆ ಇದಕ್ಕಿಂತ ಬೇರೇನು ಬೇಕು. ಡಿಸ್ಕು ಕೈಕೊಟ್ಟರೂ ಅದೃಷ್ಟ ಕೈಹಿಡಿಯಿತೆಂದು ಅವರು ಎಲ್ಲರಿಗಿಂತ ಮೊದಲು ಸಾಹೇಬರ ಕೋಣೆಗೆ ಓಡಿದರು. ಅರವತ್ತಮೂರು ಕಡತಗಳನ್ನು ಇದ್ದ ಹಾಗೆಯೇ, ಒಂದೂ ಅಲುಗದಂತೆ, ಎರಡು ಕೈಯಲ್ಲಿ ತಬ್ಬಿ ತಂದರು. ವೇದಿಕೆ ಹತ್ತುವ ಮುನ್ನ ಜೇಬಿನಿಂದ ತಮ್ಮ ಮನವಿ ತೆಗೆದು ಎಲ್ಲಕ್ಕಿಂತ ಮೇಲೆ ಇಟ್ಟರು. ಸಾಹೇಬರ ಮನಸ್ಸು ಎಷ್ಟು ಹೊತ್ತು ಹೀಗಿರುತ್ತದೋ ಯಾರು ಬಲ್ಲರು. ಮೊದಲ ಸಹಿ ತಮ್ಮದಾಗಲಿ.

ನನ್ನನ್ನು ರಿಜಿಸ್ಟರಿನ ಸಮೇತ ವೇದಿಕೆಯ ಪಕ್ಕ ಕೂರಿಸಲಾಯಿತು. ಐದೂವರೆಗೆ ಸಾಹೇಬರ ಅಧಿಕಾರ ಮುಗಿಯುತ್ತದೆ, ಅದರೊಳಗೆ ನಂಬರ್ ಬೀಳಬೇಕು. ಸಾಹೇಬರು ಬರೆಯತೊಡಗಿದರು. ಹಿಂದೆ ಪರದೆಯ ಮೇಲಿನ ಸಾಹೇಬರು ಸಹಿ ಹಾಕುತ್ತಿಲ್ಲ, ಮುಂದೆ ವೇದಿಕೆಯ ಮೇಲಿನ ಸಾಹೇಬರು ಓದದೆಯೇ ಹಾಕುತ್ತಿದ್ದಾರೆ. ಕೊಳಲು ಇಬ್ಬರಿಗೂ ನುಡಿಯುತ್ತಿತ್ತು. ‘ವರ್ಗ ಮಾಡುವ ಪ್ರಸ್ತಾವವನ್ನು ಕೈಬಿಡಲಾಗಿದೆ’, ನಂಬರ್ ಒಂದು, ನಾಲ್ಕು ಗಂಟೆ ಐದು ನಿಮಿಷ. ಭಾವ ನನ್ನ ಭುಜ ಹಿಂಡಿದರು. ಟೈಪಿಸ್ಟ್ ಮೇಡಂ ಬಡ್ತಿ, ನಂಬರ್ ಎರಡು. ಪ್ರತಿ ಸಹಿಗೂ ಒಂದು ಚಪ್ಪಾಳೆ. ಸಂಬಳ, ರಜೆ, ಬಿಲ್ಲು. ಕಂಟ್ರಾಕ್ಟರು ಅತ್ತರು.

ನಾಲ್ಕು ಐವತ್ತಕ್ಕೆ ಕಟ್ಟಿನ ತಳದ ಕಡತ ನನ್ನ ಕೈಗೆ ಬಂತು. ಹದಿನಾಲ್ಕು ತಿಂಗಳಿಂದ ಮೇಲೆ ಭಾರ ಬೀಳುತ್ತಲೇ ಹೋಗಿ ಚಪ್ಪಟೆಯಾಗಿತ್ತು. ತೆರೆದೆ. ಭಾವನ ವರ್ಗಾವಣೆ. ಕೆಳಗೆ ಸಾಹೇಬರ ಸಹಿ, ಶಾಯಿ ಇನ್ನೂ ಹಸಿ.

ನನ್ನ ಮುದ್ರೆ ಗಾಳಿಯಲ್ಲೇ ನಿಂತಿತು.

“ನಂಬರ್ ಹಾಕಪ್ಪ” ಎಂದರು ಹೆಡ್ ಕ್ಲರ್ಕು. “ಸಂಬಂಧ ಮನೇಲಿ.”

ಅರವತ್ತನಾಲ್ಕು.

ಮರುದಿನ ಬೆಳಿಗ್ಗೆ ಭಾವ ಎರಡೂ ಆದೇಶಗಳನ್ನು ಹೆಡ್ ಕ್ಲರ್ಕರ ಮುಂದೆ ಹರಡಿದರು. “ಎರಡೂ ಒಬ್ಬರದೇ ಸಹಿ. ಒಂದು ಇರು ಅನ್ನತ್ತೆ, ಒಂದು ಹೋಗು ಅನ್ನತ್ತೆ. ಮೊದಲು ಬಂದಿದ್ದಕ್ಕೆ ಬೆಲೆ ತಾನೆ?”

“ಬಸ್ಸಲ್ಲಿ ಸೀಟಿಗೆ ಆ ನಿಯಮ” ಎಂದರು ಹೆಡ್ ಕ್ಲರ್ಕು. “ಆದೇಶಕ್ಕೆ ಹಂಗಲ್ಲ. ನಾಲ್ಕು ಐದಕ್ಕೆ ಸದರಿ ಪ್ರಸ್ತಾವ ಕೈಬಿಟ್ಟಿದಾರೆ. ನಾಲ್ಕು ಐವತ್ತಕ್ಕೆ ಮನಸ್ಸು ಬದಲಾಯಿಸಿ ವರ್ಗ ಮಾಡಿದಾರೆ. ಕೊನೇ ಆದೇಶವೇ ಊರ್ಜಿತ. ನಿಮ್ಮ ಮನವೀನ ಕಟ್ಟಿನ ತಳದಲ್ಲಿ ಇಟ್ಟಿದ್ರೆ ಇವತ್ತು ಆರಾಮಾಗಿ ಕೂತಿರ್ತಿದ್ರಿ. ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರಿ ಸ್ವಾಮಿ.”

ಕಚೇರಿಯ ಇಪ್ಪತ್ತೈದು ಜನ ಬಡ್ತಿ, ರಜೆ, ಬಾಕಿ ಸಂಬಳ ಪಡೆದು ಭಾವನಿಗೆ ಕೃತಜ್ಞರಾಗಿದ್ದರು. ಒಬ್ಬೊಬ್ಬರಾಗಿ ಬಂದು ಕೈಕುಲುಕಿ, ಪಂಪ್‌ಹೌಸಿನಲ್ಲಿ ಗಾಳಿ ಬಹಳ ಶುದ್ಧ ಎಂದು ಹೇಳಿ ಹೋದರು. ಮನೆಯಲ್ಲಿ ಅಕ್ಕ ಅವರ ಬಟ್ಟೆಗಳನ್ನು ಒಂದು ಪೆಟ್ಟಿಗೆಗೆ ತುಂಬಿಟ್ಟು, ತನ್ನ ಬಟ್ಟೆಗಳನ್ನು ಬೀರುವಿನಲ್ಲೇ ಬಿಟ್ಟಿದ್ದಳು.

“ಹದಿನೈದು ದಿನ ಸುಮ್ನೆ ಕೂತ್ಕೊಳ್ಳಿ ಅಂದಿದ್ದೆ” ಎಂದಷ್ಟೇ ಹೇಳಿದಳು. ಬೇರೆ ಏನಾದರೂ ಬೈದಿದ್ದರೆ ಭಾವನಿಗೆ ಹಗುರಾಗುತ್ತಿತ್ತು.

ಇನ್ನು ಉಳಿದಿದ್ದು ಒಂದೇ ಕಾಗದ: ಬಿಡುಗಡೆ ಆದೇಶ. ಹೊಸ ಸಾಹೇಬರು ಅದಕ್ಕೆ ಸಹಿ ಹಾಕಿದರೆ ಭಾವ ಹೊರಡಬೇಕು. ಹಾಕುವ ತನಕ ಇಲ್ಲಿಯೇ. ಹೆಡ್ ಕ್ಲರ್ಕು ಅದನ್ನು ಸಿದ್ಧಪಡಿಸಿ ಕೈಯಲ್ಲೇ ಹಿಡಿದು ಓಡಾಡುತ್ತಿದ್ದರು. ಮೊದಲ ವಾರವೆಲ್ಲ ಹೊಸ ಸಾಹೇಬರು ಕಚೇರಿಯನ್ನು ‘ಅಧ್ಯಯನ’ ಮಾಡಿದರು. ಭಾವ ತಮ್ಮ ಕುರ್ಚಿಯಲ್ಲಿ ಉಸಿರೂ ಕೇಳದಂತೆ ಕುಳಿತರು.

ಎಂಟನೆಯ ದಿನ ಹೊಸ ಸಾಹೇಬರು ಸೀದಾ ಭಾವನ ಮೇಜಿಗೆ ಬಂದರು. ಹಿಂದೆ ಹೆಡ್ ಕ್ಲರ್ಕು.

“ನೀವೇ ಅಲ್ವಾ ಆವತ್ತು ಡಿಸ್ಕ್ ಮಾಡಿದೋರು? ಅದ್ಭುತ ಚಿತ್ರ ಕಣ್ರೀ. ಮೇಲಿನ ಆಫೀಸಲ್ಲೂ ಅದೇ ಮಾತು. ನನ್ನದೂ ಅಂಥದೊಂದು ಮಾಡಿ. ಒಂದೇ ವ್ಯತ್ಯಾಸ, ನಾನು ಸಹಿ ಹಾಕೋ ಥರ ಇರ್ಬೇಕು. ನಿಜವಾಗ್ಲೂ ಹಾಕ್ತೀನಿ, ಕ್ಯಾಮೆರಾ ಮುಂದೆ. ಈಗ್ಲೇ ಮಾಡೋಣ್ವಾ? ಯಾವುದಾದ್ರೂ ಒಂದು ಕಾಗದ ಕೊಡ್ರೀ.”

ಹೆಡ್ ಕ್ಲರ್ಕು ಕೈಯಲ್ಲಿದ್ದದ್ದನ್ನು ಕೊಟ್ಟರು. ಅವರ ಕೈಯಲ್ಲಿ ಇದ್ದದ್ದು ಒಂದೇ.

ಹೊಸ ಸಾಹೇಬರು ಭಾವನ ಮೇಜಿನ ಮೇಲೆಯೇ ಅದನ್ನು ಹರಡಿ, ಕುರ್ಚಿ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಬೆಳಕಿನತ್ತ ಮುಖ ತಿರುಗಿಸಿದರು. “ಕ್ಯಾಮೆರಾ ತನ್ನಿ. ನೀವು ಹೂಂ ಅಂದಾಗ ಹಾಕ್ತೀನಿ.”

ಭಾವ ಎದ್ದು ನಿಂತರು. ಕೈಕಟ್ಟಿದರು.

“ಸಾರ್, ನನಗೆ ಕಂಪ್ಯೂಟರ್ ಬರಲ್ಲ.”

“ಏನ್ರೀ ಇದು? ಆವತ್ತು ಇಡೀ ಆಫೀಸು ನೋಡಿದೆ.”

“ಅದಕ್ಕೇ ಹೇಳ್ತಿದೀನಿ ಸಾರ್” ಎಂದರು ಭಾವ. “ನನಗೆ ಬರಲ್ಲ ಅನ್ನೋದನ್ನ ಇಡೀ ಆಫೀಸು ನೋಡಿದೆ.”

ಹೊಸ ಸಾಹೇಬರು ಸುತ್ತ ನೋಡಿದರು. ಲೆಕ್ಕದವರು ತಲೆಯಾಡಿಸಿದರು, ಟೈಪಿಸ್ಟ್ ಮೇಡಂ ತಲೆಯಾಡಿಸಿದರು, ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಎರಡು ಸಲ ತಲೆಯಾಡಿಸಿದ. ಕೊನೆಗೆ ಹೆಡ್ ಕ್ಲರ್ಕು ಕೂಡ ದಾಖಲೆಯ ದೃಷ್ಟಿಯಿಂದ ಹೌದೆಂದರು.

“ಛೇ, ಕ್ಯಾಮೆರಾ ಇಲ್ದೆ ಏನು ಸಹಿ” ಎನ್ನುತ್ತ ಹೊಸ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.